ಹುಡುಗರು ಚೆನ್ನಾಗಿದ್ದಾರೆ, ಊರು ಎಲ್ಲಿ?

ಬೆಳಿಗ್ಗೆ ಏಳೂವರೆ. ಹಾಸ್ಟೆಲ್ ಮೆಸ್‌ನಲ್ಲಿ ಉಪ್ಪಿಟ್ಟಿಗೆ ಕ್ಯೂ ನಿಂತಿರೋ ಹೊತ್ತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅದು ಹಿಂದಿನ ದಿನದ ಸಂಜೆ ಏಳು ಗಂಟೆ, ಬೇಸ್‌ಬಾಲ್ ಪಂದ್ಯ ಶುರುವಾಗೋ ಸಮಯ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನ್ ಹಿಡ್ಕೊಂಡು ಸ್ಕೋರ್ ನೋಡೋ ನಾಲ್ಕೈದು ಜನ ಈ ಕ್ಯಾಂಪಸ್‌ನಲ್ಲಿ ಇದ್ದೇವೆ ಅಂದ್ರೆ ನೀವು ನಂಬಲಿಕ್ಕಿಲ್ಲ. ಸ್ಕೋರ್ ಪಟ್ಟಿಯಲ್ಲಿ ಪ್ರತಿ ತಂಡಕ್ಕೂ ಎರಡು-ಮೂರು ಅಕ್ಷರದ ಗುರುತು ಇರುತ್ತೆ. ಸಿಯಾಟಲ್‌ಗೆ ಎಸ್‌ಇಎ, ಟೆಕ್ಸಸ್‌ಗೆ ಟಿಇಎಕ್ಸ್. ಎಲ್ಲವೂ ಊರಿನದೋ ರಾಜ್ಯದ್ದೋ ಹೆಸರು. ನಮ್ಮ ತಂಡದ ಗುರುತು ಮಾತ್ರ ಎಟಿಎಚ್. ಬರೀ ಅಥ್ಲೆಟಿಕ್ಸ್. 2024ರ ತನಕ ಅಲ್ಲಿ ಓಎಕೆ ಅಂತಿತ್ತು, ಓಕ್ಲೆಂಡ್. ಈಗ 30 ತಂಡಗಳ ಮೇಜರ್ ಲೀಗಿನಲ್ಲಿ ಹೆಸರಿನ ಮುಂದೆ ಊರಿಲ್ಲದ ತಂಡ ಇದೊಂದೇ.

ಇದು 2025ರ ಸೀಸನ್ ಶುರುವಾಗಿ ಒಂದು ತಿಂಗಳಾದಾಗಿನ ಮಾತು. 162 ಪಂದ್ಯಗಳಲ್ಲಿ ಹೆಚ್ಚುಕಡಿಮೆ 30 ಮುಗಿದಿದ್ದವು. 2022ರಲ್ಲಿ 102, 2023ರಲ್ಲಿ 112, 2024ರಲ್ಲಿ 93 ಸೋಲು ಕಂಡ ತಂಡ ಆಗ ಸೋತಷ್ಟೇ ಗೆಲ್ಲುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ತಂಡದ ಪಟ್ಟಿ ನೋಡಿದರೆ ಇದು ಅದೃಷ್ಟದಿಂದ ಬಂದ ಗೆಲುವು ಅನ್ನಿಸೋದಿಲ್ಲ. ಹುಡುಗರು ನಿಜಕ್ಕೂ ಚೆನ್ನಾಗಿದ್ದಾರೆ. ಹಾಗಿದ್ದೂ ನಮ್ಮ ಗುಂಪಿನಲ್ಲಿ ದಿನಾ ಒಂದೇ ಜಗಳ: ಈ ಪಟ್ಟಿ ನೋಡಿ ಖುಷಿಪಡೋದು ಸರಿಯಾ? ಒಂದು ಊರಿಗೆ ಇಷ್ಟು ಮೋಸ ಆದಮೇಲೆ ಬಂದ ಖುಷಿ ಇದು. ಜಗಳ ಮಾಡಿ ಮಾಡಿ ನಾವು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಅದನ್ನೇ ಇಲ್ಲಿ ಹೇಳೋದು.

ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜರ್ ಲೀಗ್ ತಂಡದಲ್ಲಿ ಯಾವುದೇ ದಿನ ಆಡಲು ಅರ್ಹರಾದವರು 26 ಜನ. ಅದರಲ್ಲಿ ಪಿಚರ್‌ಗಳು, ಅಂದ್ರೆ ಚೆಂಡು ಎಸೆಯೋರು, ಹೆಚ್ಚೆಂದರೆ 13. ಅವರ ಕೆಳಗೆ ಟ್ರಿಪಲ್-ಎ, ಡಬಲ್-ಎ ಅಂತ ಕಿರಿಯ ತಂಡಗಳ ಮೆಟ್ಟಿಲು. ಡ್ರಾಫ್ಟ್‌ನಲ್ಲಿ ಆರಿಸಿದ ಹುಡುಗ ಆ ಮೆಟ್ಟಿಲು ಹತ್ತಿ ಬರಬೇಕು. ಬಂದಮೇಲೂ ಆರು ವರ್ಷ ಸೇವೆ ಮುಗಿಯೋ ತನಕ ಅವನು ತನಗಿಷ್ಟವಾದ ತಂಡಕ್ಕೆ ಹೋಗೋ ಹಾಗಿಲ್ಲ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಸಿಗೋದು ಕನಿಷ್ಠ ಸಂಬಳದ ಆಸುಪಾಸು, 2025ರಲ್ಲಿ ಅದು 7,60,000 ಡಾಲರ್ ಇತ್ತು. ನಮಗೆ ಅದೇ ದೊಡ್ಡ ಮೊತ್ತ ಬಿಡಿ, ಆದರೆ ಆ ಆಟದಲ್ಲಿ ತಾರೆಯರು ವರ್ಷಕ್ಕೆ ಮೂರು-ನಾಲ್ಕು ಕೋಟಿ ಡಾಲರ್ ಪಡೀತಾರೆ. ಹಾಗಾಗಿ ಎಳೆಯ ಆಟಗಾರ ಅಂದ್ರೆ ಮಾಲೀಕನಿಗೆ ಅಗ್ಗದ ಆಟಗಾರ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಪಟ್ಟಿಗೆ ಬರೋಣ.

ಮೊದಲು ಜೇಕಬ್ ವಿಲ್ಸನ್, ಶಾರ್ಟ್‌ಸ್ಟಾಪ್. 2023ರ ಡ್ರಾಫ್ಟ್‌ನಲ್ಲಿ ಆರನೆಯವನಾಗಿ ಆಯ್ಕೆಯಾದ ಹುಡುಗ. ಅಪ್ಪ ಜ್ಯಾಕ್ ವಿಲ್ಸನ್ ಕೂಡ ಪಿಟ್ಸ್‌ಬರ್ಗ್ ತಂಡದಲ್ಲಿ ಶಾರ್ಟ್‌ಸ್ಟಾಪ್ ಆಗಿದ್ದವರು. ಇವತ್ತಿನ ಬೇಸ್‌ಬಾಲ್‌ನಲ್ಲಿ ಎಲ್ಲರೂ ಹೋಂ ರನ್ ಹೊಡೆಯಲು ಹೋಗಿ ಸ್ಟ್ರೈಕ್‌ಔಟ್ ಆಗೋದು ಮಾಮೂಲು. ವಿಲ್ಸನ್ ಹಾಗಲ್ಲ. ಚೆಂಡು ಬರೋ ಮುಂಚೆ ಬ್ಯಾಟನ್ನು ಗಾಳಿಯಲ್ಲಿ ಹಾವಿನ ಹಾಗೆ ಆಡಿಸ್ತಾ ನಿಲ್ತಾನೆ. ನೋಡಿದವರಿಗೆ ಇವನಿಗೆ ಹೊಡೆಯೋಕೆ ಬರುತ್ತಾ ಅಂತ ಅನುಮಾನ. ಆಮೇಲೆ ಎಂಥ ಎಸೆತಕ್ಕೂ ಬ್ಯಾಟ್ ತಾಗಿಸಿ, ಫೀಲ್ಡರ್ ಇಲ್ಲದ ಜಾಗಕ್ಕೆ ಚೆಂಡು ಕಳಿಸ್ತಾನೆ. ಕ್ರಿಕೆಟ್ ಭಾಷೇಲಿ ಹೇಳೋದಾದ್ರೆ, ಸಿಕ್ಸರ್ ಕಾಲದಲ್ಲಿ ಗ್ಯಾಪ್ ಹುಡುಕಿ ಒಂದು, ಎರಡು ಓಡೋ ಬ್ಯಾಟ್ಸ್‌ಮನ್. ಸರಾಸರಿ .300 ದಾಟಿದೆ.

ಟೈಲರ್ ಸೋಡರ್‌ಸ್ಟ್ರಮ್ ಇದಕ್ಕೆ ಉಲ್ಟಾ. ಏಪ್ರಿಲ್ ತಿಂಗಳಲ್ಲಿ ಲೀಗಿನ ಹೋಂ ರನ್ ಪಟ್ಟಿಯ ಮೇಲ್ತುದಿಯಲ್ಲಿ ಇವನ ಹೆಸರಿತ್ತು. ಕ್ಯಾಚರ್ ಆಗಿ ಬಂದವನು, ಫಸ್ಟ್ ಬೇಸ್‌ಗೆ ಹೋದ. ಈಗ ಅಲ್ಲಿಂದಲೂ ಎದ್ದು ಲೆಫ್ಟ್ ಫೀಲ್ಡ್‌ಗೆ ಹೋಗಿ ನಿಂತಿದ್ದಾನೆ. ಯಾಕಂದ್ರೆ ಏಪ್ರಿಲ್ 23ಕ್ಕೆ ನಿಕ್ ಕರ್ಟ್ಜ್ ಬಂದ.

ಕರ್ಟ್ಜ್ ಹೋದ ವರ್ಷದ ಡ್ರಾಫ್ಟ್‌ನಲ್ಲಿ ನಾಲ್ಕನೆಯವನು. ಹೋದ ಬೇಸಿಗೆಯಲ್ಲಿ ಕಾಲೇಜು ತಂಡದಲ್ಲಿದ್ದವನು ಈ ಏಪ್ರಿಲ್‌ಗೆ ಮೇಜರ್ ಲೀಗ್‌ನಲ್ಲಿ. ಸಾಮಾನ್ಯವಾಗಿ ಎರಡು-ಮೂರು ವರ್ಷ ಹಿಡಿಯೋ ಮೆಟ್ಟಿಲನ್ನು ಬರೀ 32 ಪಂದ್ಯದಲ್ಲಿ ಹತ್ತಿಬಿಟ್ಟ. ಅವನಿಗೆ ಜಾಗ ಬೇಕು ಅಂದಾಗ, ತಂಡದಲ್ಲೇ ಚೆನ್ನಾಗಿ ಹೊಡೀತಿದ್ದ ಸೋಡರ್‌ಸ್ಟ್ರಮ್ ತನಗೆ ಅಭ್ಯಾಸವಿಲ್ಲದ ಔಟ್‌ಫೀಲ್ಡ್‌ಗೆ ಹೋದ. ಫಾರ್ಮ್‌ನಲ್ಲಿರೋ ಆಟಗಾರ ತನ್ನ ಜಾಗ ಬಿಟ್ಟುಕೊಡೋದು ಸಣ್ಣ ಮಾತಲ್ಲ. ನಮ್ಮ ಗುಂಪಿಗೆ ಈ ತಿಂಗಳಲ್ಲಿ ಅತಿ ಹೆಚ್ಚು ಇಷ್ಟವಾದ ಸಂಗತಿ ಇದೇ.

ಇನ್ನು ಬ್ರೆಂಟ್ ರೂಕರ್. ಮೂವತ್ತರ ಮನುಷ್ಯ, ಹುಡುಗ ಅನ್ನೋ ಹಾಗಿಲ್ಲ. ಮಿನ್ನೆಸೋಟ, ಸ್ಯಾನ್ ಡಿಯೇಗೊ, ಕ್ಯಾನ್ಸಸ್ ಸಿಟಿ ಮೂರೂ ಕಡೆ ನೆಲೆ ಸಿಗಲಿಲ್ಲ. 2022ರ ಕೊನೆಗೆ ಕ್ಯಾನ್ಸಸ್ ಸಿಟಿ ಕೈಬಿಟ್ಟಾಗ ಅಥ್ಲೆಟಿಕ್ಸ್ ಪುಕ್ಕಟೆ ಅನ್ನೋ ಹಾಗೆ ಎತ್ತಿಕೊಂಡಿತು. 2024ರಲ್ಲಿ 39 ಹೋಂ ರನ್ ಹೊಡೆದ. ಬಲಗಡೆ ಔಟ್‌ಫೀಲ್ಡ್‌ನಲ್ಲಿ ಲಾರೆನ್ಸ್ ಬಟ್ಲರ್, 2018ರ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಬಂದು ಮೆಟ್ಟಿಲು ಮೆಟ್ಟಿಲಾಗಿ ಏರಿದವನು. ಕ್ಯಾಚರ್ ಶೇ ಲ್ಯಾಂಗಲಿಯರ್ಸ್. ಕೊನೆಯ ಇನ್ನಿಂಗ್ಸ್‌ಗೆ ಮೇಸನ್ ಮಿಲ್ಲರ್, ಗಂಟೆಗೆ 100 ಮೈಲಿ ದಾಟಿಸಿ ಎಸೆಯೋ ಪಿಚರ್. ಗಂಟೆಗೆ 160 ಕಿಲೋಮೀಟರ್! ಅವನು ಮೈದಾನಕ್ಕೆ ಬಂದರೆ ಎದುರಾಳಿಗಳ ಮುಖ ನೋಡಬೇಕು ನೀವು.

ಕೊರತೆ ಇಲ್ವಾ? ಇದೆ. ಮಿಲ್ಲರ್ ತನಕ ಪಂದ್ಯ ತಲುಪಬೇಕಲ್ಲ. ಶುರುವಿಗೆ ಎಸೆಯೋ ಪಿಚರ್‌ಗಳಲ್ಲಿ ಲೂಯಿಸ್ ಸೆವೆರಿನೊ, ಜೆಫ್ರಿ ಸ್ಪ್ರಿಂಗ್ಸ್, ಜೆ.ಪಿ. ಸಿಯರ್ಸ್ ಬಿಟ್ಟರೆ ಉಳಿದವರ ಮೇಲೆ ಧೈರ್ಯ ಇಲ್ಲ. ಮಾರ್ಚ್ 31ರಂದು ಹೊಸ ತವರಿನ ಮೊದಲ ಪಂದ್ಯದಲ್ಲೇ ಶಿಕಾಗೊ ಕಬ್ಸ್ ಎದುರು 18-3ರಿಂದ ಸೋತರು. ಆ ರಾತ್ರಿ ಕಬ್ಸ್‌ನ ಕಾರ್ಸನ್ ಕೆಲ್ಲಿ ಸಿಂಗಲ್, ಡಬಲ್, ಟ್ರಿಪಲ್, ಹೋಂ ರನ್ ನಾಲ್ಕನ್ನೂ ಒಂದೇ ಪಂದ್ಯದಲ್ಲಿ ಹೊಡೆದ. ಅದನ್ನ ಸೈಕಲ್ ಅಂತಾರೆ, ಅಪರೂಪಕ್ಕೆ ಆಗೋದು. ಗೃಹಪ್ರವೇಶದ ದಿನವೇ ಹಾಲು ಉಕ್ಕೋ ಬದಲು ಪಾತ್ರೆನೇ ಬೋರಲು ಬಿದ್ದ ಹಾಗಾಯ್ತು. ಬ್ಯಾಟಿಂಗ್ ಈ ಮಟ್ಟದಲ್ಲೇ ಇದ್ದು, ಪಿಚಿಂಗ್ ಹೀಗೇ ಇದ್ದರೆ, ವರ್ಷದ ಕೊನೆಗೆ ಸೋಲಿನ ಲೆಕ್ಕ ಗೆಲುವಿಗಿಂತ ಸ್ವಲ್ಪ ಜಾಸ್ತಿ ಇರುತ್ತೆ ಅನ್ನೋದು ನಮ್ಮ ಊಹೆ. ಅಷ್ಟಾದರೂ ಹೋದ ಮೂರು ವರ್ಷಕ್ಕೆ ಹೋಲಿಸಿದರೆ ಸ್ವರ್ಗ.

ಇಲ್ಲಿಗೆ ಆಟದ ಮಾತು ಮುಗೀತು. ಈಗ ಜಗಳದ ಮಾತು.

ನಮ್ಮಲ್ಲಿ ಹೆಚ್ಚಿನವರು ಈ ತಂಡದ ಹಿಂದೆ ಬಿದ್ದಿದ್ದು 'ಮನಿಬಾಲ್' ಸಿನಿಮಾ ನೋಡಿ. ಫಸ್ಟ್ ಇಯರ್‌ನಲ್ಲಿ ಯಾರಾದರೊಬ್ಬ ಸೀನಿಯರ್ ಡೇಟಾ ಸೈನ್ಸ್ ಬಗ್ಗೆ ಮಾತಾಡುವಾಗ ಆ ಸಿನಿಮಾ ಹೆಸರು ಹೇಳಿಯೇ ಹೇಳ್ತಾನೆ. 2002ರ ಓಕ್ಲೆಂಡ್ ಅಥ್ಲೆಟಿಕ್ಸ್, ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್. ನ್ಯೂಯಾರ್ಕ್ ಯಾಂಕೀಸ್ ಸಂಬಳಕ್ಕೆ ಖರ್ಚು ಮಾಡಿದ್ದರಲ್ಲಿ ಮೂರನೇ ಒಂದು ಭಾಗದಷ್ಟು ಖರ್ಚು ಮಾಡಿ, ಅವರಷ್ಟೇ 103 ಪಂದ್ಯ ಗೆದ್ದ ತಂಡ. ಸತತ 20 ಗೆಲುವು. ಬೇರೆಯವರ ಕಣ್ಣಿಗೆ ಬೀಳದ ಆಟಗಾರರನ್ನು ಅಂಕಿಅಂಶದಿಂದ ಹುಡುಕಿ ತಂಡ ಕಟ್ಟೋದು. ಕಡಿಮೆ ಸಂಪನ್ಮೂಲ, ಗರಿಷ್ಠ ಫಲಿತಾಂಶ. ಇಂಜಿನಿಯರಿಂಗ್ ಓದೋ ಹುಡುಗರಿಗೆ ಇದಕ್ಕಿಂತ ಸಿಹಿಯಾದ ಕಥೆ ಬೇಕಾ?

ಆದರೆ ಸಿನಿಮಾ ಮುಗಿದಮೇಲೆ ಏನಾಯ್ತು ಅಂತ ನೋಡಿದಾಗ ನಮಗೆ ಬೇರೆ ಕಥೆ ಕಾಣಿಸಿತು. 2002ರ ಆ ತಂಡದ ಬೆನ್ನೆಲುಬು ಸಿನಿಮಾದಲ್ಲಿ ಸರಿಯಾಗಿ ಕಾಣಿಸದ ನಾಲ್ಕು ಜನ: ಆ ವರ್ಷ ಲೀಗಿನ ಅತ್ಯಮೂಲ್ಯ ಆಟಗಾರನಾದ ಮಿಗೆಲ್ ತೇಹಾದ, ಮತ್ತೆ ಮೂವರು ಪಿಚರ್‌ಗಳು, ಟಿಮ್ ಹಡ್ಸನ್, ಮಾರ್ಕ್ ಮಲ್ಡರ್, ಬ್ಯಾರಿ ಝೀಟೊ. ಝೀಟೊಗೆ ಅದೇ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ. ಎಲ್ಲರೂ ಈ ತಂಡವೇ ಬೆಳೆಸಿದ ಹುಡುಗರು. 2003ರ ಸೀಸನ್ ಮುಗಿದಮೇಲೆ ತೇಹಾದ ಬಾಲ್ಟಿಮೋರ್‌ಗೆ ಹೋದ. 2004ರ ಡಿಸೆಂಬರ್‌ನಲ್ಲಿ ಹಡ್ಸನ್ ಮತ್ತು ಮಲ್ಡರ್ ಇಬ್ಬರನ್ನೂ ಕೆಲವೇ ದಿನಗಳ ಅಂತರದಲ್ಲಿ ಕೊಟ್ಟುಬಿಟ್ಟರು. 2006 ಮುಗಿದಮೇಲೆ ಝೀಟೊ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊಗೆ. ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ.

ಇದು ಇವರ ಹಳೇ ಚಾಳಿ. ತಂಡ ಫಿಲಡೆಲ್ಫಿಯದಲ್ಲಿದ್ದ ಕಾಲದಲ್ಲಿ, 1914ರಲ್ಲಿ ವರ್ಲ್ಡ್ ಸೀರೀಸ್ ಆಡಿದ ತಂಡವನ್ನು ಕೋನಿ ಮ್ಯಾಕ್ ಬಿಡಿಬಿಡಿಯಾಗಿ ಕಳಚಿದರು. ಮರುವರ್ಷ 109 ಸೋಲು, ಅದರ ಮರುವರ್ಷ 117. 1929 ಮತ್ತು 1930ರಲ್ಲಿ ಚಾಂಪಿಯನ್ ಆದ ತಂಡವನ್ನೂ ಅದೇ ಮ್ಯಾಕ್ ಮಾರಿದರು. 1955ಕ್ಕೆ ತಂಡ ಕ್ಯಾನ್ಸಸ್ ಸಿಟಿಗೆ, 1968ಕ್ಕೆ ಓಕ್ಲೆಂಡ್‌ಗೆ. ಅಲ್ಲಿ 1972, 73, 74 ಸತತ ಮೂರು ಬಾರಿ ಗೆದ್ದ ತಂಡದ ಮೂವರನ್ನು 1976ರಲ್ಲಿ ಮಾಲೀಕ ಚಾರ್ಲಿ ಫಿನ್ಲೆ ನಗದಿಗೆ ಮಾರಲು ಹೋದಾಗ, ಲೀಗ್ ಕಮಿಷನರೇ ಮಧ್ಯೆ ಬಂದು ಆ ವ್ಯಾಪಾರ ರದ್ದು ಮಾಡಬೇಕಾಯ್ತು. ಇತ್ತೀಚಿನದು ಬೇಕಾದರೆ 2021. ಆ ವರ್ಷ 86 ಪಂದ್ಯ ಗೆದ್ದ ತಂಡದ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್, ಕ್ರಿಸ್ ಬ್ಯಾಸಿಟ್, ಶಾನ್ ಮನಾಯ ನಾಲ್ವರನ್ನೂ 2022ರ ಸೀಸನ್ ಶುರುವಾಗೋ ಮುಂಚೆ ಕೊಟ್ಟುಬಿಟ್ಟರು. ಈಗಿನ ಕ್ಯಾಚರ್ ಲ್ಯಾಂಗಲಿಯರ್ಸ್ ಬಂದಿದ್ದೇ ಓಲ್ಸನ್‌ನ ಬದಲಿಗೆ. ಇವತ್ತಿನ ಪಟ್ಟಿಯಲ್ಲಿ ನಾವು ಮೆಚ್ಚೋ ಹೆಸರಿನ ಹಿಂದೆಯೂ ಓಕ್ಲೆಂಡ್ ಕಳಕೊಂಡ ಒಂದು ಹೆಸರಿದೆ.

ಓಕ್ಲೆಂಡಿನ ಅಭಿಮಾನಿಗಳು ಇಪ್ಪತ್ತು ವರ್ಷ ಕೇಳಿದ್ದು ಒಂದೇ: ನಾವು ಪ್ರೀತಿಸೋ ಹುಡುಗರನ್ನು ಉಳಿಸಿಕೊಳ್ಳಿ. ಸಿಕ್ಕ ಉತ್ತರವೂ ಒಂದೇ: ದುಡ್ಡಿಲ್ಲ, ನಮ್ಮದು ಸಣ್ಣ ಮಾರುಕಟ್ಟೆ, ನಮ್ಮ ದಾರಿ ಮನಿಬಾಲ್ ದಾರಿ. 2004ರಲ್ಲಿ ಎರಿಕ್ ಚಾವೆಜ್‌ಗೆ ಕೊಟ್ಟ 6.6 ಕೋಟಿ ಡಾಲರ್ ಒಪ್ಪಂದವೇ ಈ ತಂಡದ ಇತಿಹಾಸದಲ್ಲಿ ಅತಿ ದೊಡ್ಡದಾಗಿ ಇಪ್ಪತ್ತು ವರ್ಷ ಉಳಿಯಿತು. ಬೇರೆ ತಂಡಗಳು ಒಬ್ಬೊಬ್ಬನಿಗೆ 30 ಕೋಟಿ, 40 ಕೋಟಿ ಕೊಡೋ ಕಾಲಕ್ಕೆ ಬಂದು ನಿಂತಿದ್ದರೂ ಇವರು ಅಲ್ಲೇ.

ಈಗ ನೋಡಿ. ಓಕ್ಲೆಂಡ್ ಕೊಲಿಸಿಯಂನಲ್ಲಿ ಕೊನೆಯ ಪಂದ್ಯ ನಡೆದಿದ್ದು 2024ರ ಸೆಪ್ಟೆಂಬರ್ 26ರಂದು. ಅದಾದ ಆರೇ ತಿಂಗಳಲ್ಲಿ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ. ರೂಕರ್‌ಗೆ ಐದು ವರ್ಷಕ್ಕೆ 6 ಕೋಟಿ. ಬಟ್ಲರ್‌ಗೆ ಏಳು ವರ್ಷಕ್ಕೆ 6.55 ಕೋಟಿ. ಇಪ್ಪತ್ತು ವರ್ಷ ಇಲ್ಲದ ದುಡ್ಡು, ಬೀಗ ಹಾಕಿ ಊರು ಬಿಟ್ಟ ಮೊದಲ ಚಳಿಗಾಲದಲ್ಲೇ ಎಲ್ಲಿಂದ ಬಂತು ಗುರು?

ಉತ್ತರದ ಒಂದು ಭಾಗ ನಿಯಮದಲ್ಲಿದೆ. ಮೇಜರ್ ಲೀಗ್‌ನಲ್ಲಿ ಶ್ರೀಮಂತ ತಂಡಗಳ ಆದಾಯದ ಪಾಲು ಬಡ ತಂಡಗಳಿಗೆ ಹೋಗುತ್ತೆ. ಆ ದುಡ್ಡನ್ನು ತಂಡದ ಆಟ ಸುಧಾರಿಸಲು ಬಳಸಬೇಕು, ಮಾಲೀಕ ಜೇಬಿಗೆ ಹಾಕಿಕೊಳ್ಳೋ ಹಾಗಿಲ್ಲ. 2025ರಲ್ಲಿ ಸಂಬಳದ ಒಟ್ಟು ಲೆಕ್ಕವನ್ನು ಸುಮಾರು 10.5 ಕೋಟಿ ಡಾಲರ್ ತನಕ ಏರಿಸದಿದ್ದರೆ ಆಟಗಾರರ ಸಂಘ ದೂರು ಕೊಡಬಹುದು ಅಂತ ಚಳಿಗಾಲದಲ್ಲಿ ವರದಿಗಳು ಬಂದವು. ಅಂದ್ರೆ ಖರ್ಚು ಮಾಡಿದ್ದೆಲ್ಲ ದೊಡ್ಡ ಮನಸ್ಸಿನಿಂದ ಅಲ್ಲ. ಅಟೆಂಡೆನ್ಸ್ ಶಾರ್ಟೇಜ್ ನೋಟಿಸ್ ಬಂದಮೇಲೆ ಕ್ಲಾಸಿಗೆ ಬರೋ ಹುಡುಗನ ಹಾಗೆ.

ಇನ್ನೊಂದು ಭಾಗ ಒಪ್ಪಂದದ ವರ್ಷಗಳಲ್ಲಿದೆ. ತಂಡ 2028ಕ್ಕೆ ಲಾಸ್ ವೇಗಸ್‌ಗೆ ಹೋಗಬೇಕು. ಅಲ್ಲಿ ಹಳೇ ಟ್ರಾಪಿಕಾನಾ ಹೋಟೆಲನ್ನು ಹೋದ ಅಕ್ಟೋಬರ್‌ನಲ್ಲಿ ಸಿಡಿಸಿ ಉರುಳಿಸಿ ಜಾಗ ಖಾಲಿ ಮಾಡಿದ್ದಾರೆ. ನೆವಾಡ ರಾಜ್ಯ 38 ಕೋಟಿ ಡಾಲರ್ ತನಕ ಸಾರ್ವಜನಿಕ ಹಣ ಒಪ್ಪಿದೆ. ಅಲ್ಲೀತನಕ, ಅಂದ್ರೆ 2025ರಿಂದ 2027, ತಂಡ ಇರೋದು ವೆಸ್ಟ್ ಸ್ಯಾಕ್ರಮೆಂಟೊದ ಸಟರ್ ಹೆಲ್ತ್ ಪಾರ್ಕ್‌ನಲ್ಲಿ. ಈಗ ಒಪ್ಪಂದ ಓದಿ: ಸೆವೆರಿನೊನ ಮೂರು ವರ್ಷ ಅಂದ್ರೆ ಸರಿಯಾಗಿ ಸ್ಯಾಕ್ರಮೆಂಟೊ ವಾಸದ ಅವಧಿ. ರೂಕರ್ 2029ರ ತನಕ, ಬಟ್ಲರ್ 2031ರ ತನಕ. ವಿಲ್ಸನ್, ಕರ್ಟ್ಜ್ ಇಬ್ಬರೂ 2028ಕ್ಕೆ ಇಪ್ಪತ್ತೈದು-ಇಪ್ಪತ್ತಾರರ ಹರೆಯದಲ್ಲಿ ಇರ್ತಾರೆ. ಈ ಪಟ್ಟಿ ಕಟ್ಟಿರೋದು ವೇಗಸ್‌ನ ಮೊದಲ ದಿನಕ್ಕೆ. ಓಕ್ಲೆಂಡ್‌ಗೆ ಸಿಗದ ತಂಡವನ್ನು ವೇಗಸ್‌ಗೆ ಮದುವೆ ಉಡುಗೊರೆಯ ಹಾಗೆ ಸುತ್ತಿಡುತ್ತಿದ್ದಾರೆ. ಸ್ಯಾಕ್ರಮೆಂಟೊ ಬರೀ ಬಸ್‌ಸ್ಟ್ಯಾಂಡ್.

ಆ ಬಸ್‌ಸ್ಟ್ಯಾಂಡಿನ ಕಥೆಯೂ ಕೇಳಿ. ಅದು ಸುಮಾರು 14,000 ಜನ ಹಿಡಿಸೋ ಕಿರಿಯರ ಮೈದಾನ. ಔಟ್‌ಫೀಲ್ಡ್ ಆಚೆ ಹುಲ್ಲಿನ ದಿಬ್ಬದ ಮೇಲೆ ಜನ ಕೂತು ನೋಡ್ತಾರೆ. ಅಲ್ಲಿ ಮೊದಲಿಂದ ಆಡೋದು ರಿವರ್ ಕ್ಯಾಟ್ಸ್, ಅದು ಓಕ್ಲೆಂಡಿನ ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಟ್ರಿಪಲ್-ಎ ತಂಡ. ಒಂದೇ ಮೈದಾನ ಇಬ್ಬರಿಗೂ. ಡ್ರೆಸ್ಸಿಂಗ್ ರೂಮ್ ಇರೋದು ಔಟ್‌ಫೀಲ್ಡ್ ಗೋಡೆಯ ಆಚೆ, ಮೇಜರ್ ಲೀಗ್ ಆಟಗಾರರು ಮೈದಾನ ದಾಟಿ ನಡ್ಕೊಂಡು ಹೋಗಬೇಕು. ಇನ್ನೊಂದು ತಮಾಷೆ: ಅಥ್ಲೆಟಿಕ್ಸ್‌ನ ಸ್ವಂತ ಟ್ರಿಪಲ್-ಎ ತಂಡ ಇರೋದು ಲಾಸ್ ವೇಗಸ್‌ನಲ್ಲಿ. ಕರ್ಟ್ಜ್ ಬಡ್ತಿ ಪಡೆದು ವೇಗಸ್‌ನಿಂದ ಸ್ಯಾಕ್ರಮೆಂಟೊಗೆ ಬಂದ. ಮೂರು ವರ್ಷ ಚೆನ್ನಾಗಿ ಆಡಿದರೆ ಬಹುಮಾನವಾಗಿ ವಾಪಸ್ ವೇಗಸ್‌ಗೇ ಹೋಗ್ತಾನೆ. ಆಟಗಾರರ ಅಂಗಿಯ ಒಂದು ತೋಳಿನಲ್ಲಿ ಸ್ಯಾಕ್ರಮೆಂಟೊದ ಸೇತುವೆಯ ಚಿತ್ರ, ಇನ್ನೊಂದು ತೋಳಿನಲ್ಲಿ ಲಾಸ್ ವೇಗಸ್ ಹೆಸರು. ಎದೆಯ ಮೇಲೆ ಯಾವ ಊರೂ ಇಲ್ಲ.

ನಮ್ಮ ಗುಂಪಿನಲ್ಲೇ ಇದಕ್ಕೆ ಎದುರು ವಾದ ಮಾಡೋರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ.

ಒಂದು: ಕೊಲಿಸಿಯಂ ಹಳೇ ಕಟ್ಟಡ, 1966ರದ್ದು. ಚರಂಡಿ ನೀರು ಉಕ್ಕಿ ಒಳಗೆ ಬಂದಿದ್ದೂ ಉಂಟು. ಹೊಸ ಕ್ರೀಡಾಂಗಣಕ್ಕೆ ನಗರ ಮತ್ತು ತಂಡದ ನಡುವೆ ವರ್ಷಗಟ್ಟಲೆ ಮಾತುಕತೆ ನಡೆದು 2023ರಲ್ಲಿ ಮುರಿದುಬಿತ್ತು. ತಪ್ಪು ಒಂದೇ ಕಡೆ ಅಂತ ಹೇಳೋಕಾಗಲ್ಲ. ಒಪ್ಪಿದೆವು. ಆದರೆ ಕ್ರೀಡಾಂಗಣ ಹಳೇದು ಅನ್ನೋದು ಓಲ್ಸನ್, ಚಾಪ್ಮನ್‌ರನ್ನು ಕೊಟ್ಟಿದ್ದಕ್ಕೆ ಕಾರಣ ಆಗೋದಿಲ್ಲ.

ಎರಡು: ಜನ ಬರ್ತಿರಲಿಲ್ಲ, ಖಾಲಿ ಕುರ್ಚಿ ಮುಂದೆ ಯಾರು ಆಡ್ತಾರೆ? ಇದನ್ನ ನಾವು ಒಪ್ಪೋದಿಲ್ಲ. ಅಂಗಡಿಯಲ್ಲಿದ್ದ ಒಳ್ಳೇ ಸಾಮಾನೆಲ್ಲ ಎತ್ತಿ ಬೇರೆಯವರಿಗೆ ಕೊಟ್ಟು, ಗಿರಾಕಿ ಬರ್ತಿಲ್ಲ ಅಂತ ಅಳೋದು ನ್ಯಾಯ ಅಲ್ಲ. 2023ರ ಜೂನ್ 13ರಂದು ಅಭಿಮಾನಿಗಳು ತಾವೇ ಕರೆ ಕೊಟ್ಟು ಕ್ರೀಡಾಂಗಣಕ್ಕೆ ಬಂದರು. ಲೀಗಿನಲ್ಲೇ ಅತಿ ಕೆಟ್ಟ ತಂಡ ಅದು ಆ ದಿನ. ಆದರೂ 27,759 ಜನ. ಹಸಿರು ಟಿ-ಶರ್ಟ್ ಮೇಲೆ ಮಾಲೀಕ ಜಾನ್ ಫಿಶರ್‌ಗೆ ಒಂದೇ ಪದದ ಸಂದೇಶ: ಮಾರು. ತಂಡ ಆವತ್ತು 2-1ರಿಂದ ಗೆದ್ದಿತು. ಹೋದ ಸೆಪ್ಟೆಂಬರ್‌ನ ಕೊನೆಯ ಪಂದ್ಯಕ್ಕೆ 46,889 ಜನ. ಅದನ್ನೂ 3-2ರಿಂದ ಗೆದ್ದರು. ಜನ ಇದ್ದರು. ಅವರಿಗೆ ಬರೋಕೆ ಒಂದು ಕಾರಣ ಬೇಕಿತ್ತು ಅಷ್ಟೇ. ಅದೇ ಓಕ್ಲೆಂಡ್ 2019ರಲ್ಲಿ ಬಾಸ್ಕೆಟ್‌ಬಾಲ್‌ನ ವಾರಿಯರ್ಸ್‌ನ್ನೂ 2020ರಲ್ಲಿ ಫುಟ್‌ಬಾಲ್‌ನ ರೇಡರ್ಸ್‌ನ್ನೂ ಕಳಕೊಂಡಿತ್ತು ಅನ್ನೋದು ನೆನಪಿರಲಿ. ಉಳಿದಿದ್ದು ಇದೊಂದೇ.

ಮೂರು: ಹುಡುಗರ ತಪ್ಪೇನು? ಇದು ಗಟ್ಟಿಯಾದ ಮಾತು. ವಿಲ್ಸನ್ ತಾನಾಗಿ ಈ ತಂಡ ಆರಿಸಿಕೊಂಡವನಲ್ಲ, ಡ್ರಾಫ್ಟ್ ಅವನನ್ನು ಇಲ್ಲಿಗೆ ಕಳಿಸಿತು. ಕರ್ಟ್ಜ್ ಒಂದು ದಿನವೂ ಓಕ್ಲೆಂಡ್ ಪರ ಆಡಿಲ್ಲ. ಅವನ ಮೇಲೆ ಸಿಟ್ಟು ಮಾಡೋದು ಯಾರದ್ದೋ ಸಿಟ್ಟನ್ನು ಯಾರ ಮೇಲೋ ತೀರಿಸಿದ ಹಾಗೆ.

ಐಪಿಎಲ್ ನೋಡೋ ನಮಗೆ ಇದೆಲ್ಲ ತಲೆಕೆಳಗಾಗಿ ಕಾಣುತ್ತೆ. ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು, ಅರ್ಧಕ್ಕಿಂತ ಹೆಚ್ಚು ತಂಡ ಅದಲುಬದಲು. ಆದರೂ ನಾವು ಬಿಡದೆ ಕೂಗ್ತೇವೆ, ಯಾಕಂದ್ರೆ ಹೆಸರಿನಲ್ಲಿ ಬೆಂಗಳೂರು ಇದೆ. ಆಟಗಾರರು ಬಂದು ಹೋಗ್ತಾರೆ, ಊರು ನಿಲ್ಲುತ್ತೆ ಅನ್ನೋ ನಂಬಿಕೆ. ಇಲ್ಲಿ ಹುಡುಗರು ನಿಂತಿದ್ದಾರೆ, ಊರೇ ಹೊರಟುಹೋಗಿದೆ. ಯಾವುದು ತಂಡ? ಈ ಪ್ರಶ್ನೆ ನಮಗೆ ಎಂದೂ ಎದುರಾಗಿರಲಿಲ್ಲ.

ಹಾಗಾದರೆ ನಮ್ಮ ತೀರ್ಮಾನ ಏನು? ಹುಡುಗರ ಆಟಕ್ಕೆ ಚಪ್ಪಾಳೆ ತಟ್ಟೋಣ, ಕಂಜೂಸಿ ಬೇಡ. ವಿಲ್ಸನ್‌ನ ಬ್ಯಾಟು, ಸೋಡರ್‌ಸ್ಟ್ರಮ್ ಬಿಟ್ಟುಕೊಟ್ಟ ಜಾಗ, ಇವು ಅವರವರ ಶ್ರಮ. ಆದರೆ "ನೋಡಿ, ಕೊನೆಗೂ ತಂಡ ಕಟ್ಟಿದರು, ಅವರ ಯೋಜನೆ ಫಲ ಕೊಟ್ಟಿತು" ಅಂತ ಯಾರಾದರೂ ಅಂದ್ರೆ ಅದಕ್ಕೆ ತಲೆ ಆಡಿಸೋದಿಲ್ಲ. ಈ ಪಟ್ಟಿ ಓಕ್ಲೆಂಡ್‌ನಲ್ಲೂ ಸಾಧ್ಯವಿತ್ತು ಅನ್ನೋದಕ್ಕೆ ಈ ಪಟ್ಟಿಯೇ ಸಾಕ್ಷಿ. ವಿಲ್ಸನ್, ಸೋಡರ್‌ಸ್ಟ್ರಮ್, ಕರ್ಟ್ಜ್, ಬಟ್ಲರ್, ಮಿಲ್ಲರ್ ಎಲ್ಲರನ್ನೂ ಡ್ರಾಫ್ಟ್ ಮಾಡಿದಾಗ ತಂಡದ ಹೆಸರು ಓಕ್ಲೆಂಡ್ ಅಂತಲೇ ಇತ್ತು. ಬಂದಿರಲಿಲ್ಲದ್ದು ಉಳಿಸಿಕೊಳ್ಳೋ ಮನಸ್ಸು.

ಮತ್ತೆ, ಮನಿಬಾಲ್ ಬಗ್ಗೆ ನಮ್ಮ ಹಳೇ ಮೋಹಕ್ಕೂ ಒಂದು ತಿದ್ದುಪಡಿ ಬೇಕು. ಕಡಿಮೆ ದುಡ್ಡಿನಲ್ಲಿ ಜಾಸ್ತಿ ಗೆಲ್ಲೋದು ಜಾಣತನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಲೆಕ್ಕದಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ನಾವು ಕೇಳಲೇ ಇಲ್ಲ. ಬಜೆಟ್ ಕಡಿಮೆ ಅನ್ನೋದನ್ನ ಪ್ರಕೃತಿ ನಿಯಮದ ಹಾಗೆ ಒಪ್ಪಿಕೊಂಡು, ಅದರೊಳಗೆ ಆಪ್ಟಿಮೈಸ್ ಮಾಡಿದ್ದನ್ನು ಮೆಚ್ಚಿದೆವು. ನಾಳೆ ನಾವೂ ಕೆಲಸಕ್ಕೆ ಸೇರಿದಮೇಲೆ ಯಾರೋ ಕೊಟ್ಟ ಮಿತಿಯೊಳಗೆ ಚೆನ್ನಾಗಿ ಲೆಕ್ಕ ಬಿಡಿಸೋ ಜನವೇ ಆಗ್ತೇವೆ. ಮಿತಿ ಹಾಕಿದ್ದು ಯಾರು, ಯಾಕೆ ಅಂತ ಒಮ್ಮೆ ಕೇಳೋ ಅಭ್ಯಾಸ ಈಗಲೇ ಆದರೆ ಒಳ್ಳೇದು.

ಮುಂದೆ ಪರೀಕ್ಷೆ ಎರಡಿವೆ. ಮೊದಲನೆಯದು 2025ರ ಜುಲೈ ಕೊನೆ, ಆಟಗಾರರ ಅದಲುಬದಲಿನ ಗಡುವು. ಅಷ್ಟರೊಳಗೆ ತಂಡ ಹಿಂದೆ ಬಿದ್ದಿದ್ದರೆ ಮೇಸನ್ ಮಿಲ್ಲರ್‌ಗೆ ದೊಡ್ಡ ಬೆಲೆ ಕೊಡೋರು ಬಾಗಿಲಲ್ಲಿ ನಿಂತಿರ್ತಾರೆ. ಅವನು ಆಗಿನ್ನೂ ಅಗ್ಗ, ಅವನ ಮೇಲೆ ತಂಡದ ಹಕ್ಕು ಇನ್ನೂ ಹಲವು ವರ್ಷ ಇತ್ತು. ಆಗ ಏನು ಮಾಡ್ತಾರೆ? ಎರಡನೆಯದು ವಿಲ್ಸನ್ ಮತ್ತು ಕರ್ಟ್ಜ್ ದುಬಾರಿಯಾಗೋ ದಿನ. ಆ ದಿನ ಅವರು ಇದೇ ಅಂಗಿಯಲ್ಲಿದ್ದರೆ, ಈ ಮಾಲೀಕನ ಬಗ್ಗೆ ನಾವು ಹೇಳಿದ್ದರಲ್ಲಿ ಅರ್ಧ ವಾಪಸ್ ತಗೊಳ್ತೇವೆ. ಉಳಿದ ಅರ್ಧ ಓಕ್ಲೆಂಡಿನದು, ಅದನ್ನ ವಾಪಸ್ ತಗೊಳ್ಳೋ ಹಕ್ಕು ನಮಗಿಲ್ಲ.

ಹೋದ ಸೆಪ್ಟೆಂಬರ್‌ನ ಆ ಕೊನೆಯ ದಿನ ಕೆಲವರು ಕೊಲಿಸಿಯಂ ಮೈದಾನದ ಮಣ್ಣನ್ನು ತುಂಬಿಕೊಂಡು ಮನೆಗೆ ಒಯ್ದರು. 57 ಸೀಸನ್ ಆಡಿದ ಮಣ್ಣು. ಅದು ಈಗ ಯಾರ್ಯಾರದೋ ಮನೆಯ ಶೋಕೇಸಿನಲ್ಲಿ ಇರಬೇಕು. ಅವರಲ್ಲಿ ಎಷ್ಟು ಜನ ಈಗಲೂ ಪಂದ್ಯ ಹಾಕಿಕೊಂಡು ಕೂತು, ಕರ್ಟ್ಜ್ ಬ್ಯಾಟ್ ಹಿಡಿದು ಬಂದಾಗ ಮುಂದಕ್ಕೆ ಬಾಗಿ ನೋಡ್ತಾರೋ ಗೊತ್ತಿಲ್ಲ. ನೋಡಿದರೆ ಅವರು ಸೋತ ಹಾಗಲ್ಲ. ನೋಡದೆ ಟಿವಿ ಆರಿಸಿದರೂ ಅವರದೇ ಸರಿ.

ನಾಳೆ ಬೆಳಿಗ್ಗೆ ಏಳೂವರೆಗೆ ನಾವು ಮೆಸ್‌ನಲ್ಲಿ ಇರ್ತೇವೆ. ನಮ್ಮ ಗುಂಪಿನಲ್ಲಿ ಒಬ್ಬ ಮಾತ್ರ ಫೋನ್‌ನಲ್ಲಿ ತಂಡದ ಹೆಸರನ್ನು ತಾನೇ ತಿದ್ದಿಟ್ಟುಕೊಂಡಿದ್ದಾನೆ. ಅವನ ಪಟ್ಟಿಯಲ್ಲಿ ಅದು ಇನ್ನೂ ಓಕ್ಲೆಂಡ್.